ಹಾಸ್ಟೆಲ್ ಬಾಗಿಲಿನಿಂದ ಕಾಲೇಜು ಗೇಟಿನವರೆಗೆ

ಪಿಯುಸಿ ಫಲಿತಾಂಶ ಬಂದು ಸಿಇಟಿ ರ‍್ಯಾಂಕ್ ಗೊತ್ತಾದ ಮೇಲೆ ನಮ್ಮ ಮನೆಗಳಲ್ಲಿ ಒಂದಷ್ಟು ದಿನ ಬೇರೆ ಮಾತೇ ಇರುವುದಿಲ್ಲ. ಯಾವ ಕಾಲೇಜು, ಯಾವ ಕೋರ್ಸ್, ಫೀಸ್ ಎಷ್ಟು, ಹಾಸ್ಟೆಲ್ ಉಂಟಾ ಇಲ್ವಾ. ಮಗನಾದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮಗಳಾದರೆ ಕೊನೆಯಲ್ಲಿ ಮನೆಯ ಹಿರಿಯರೊಬ್ಬರು ಒಂದು ಮಾತು ಸೇರಿಸುತ್ತಾರೆ: "ಅಲ್ಲಿ ಸೇಫ್ ಅಲ್ಲ, ಬೇಡ." ಆ ಒಂದು ಮಾತಿಗೆ ಬೆಂಗಳೂರು ಪಟ್ಟಿಯಿಂದ ಹೋಗುತ್ತದೆ, ಮೈಸೂರು ಹೋಗುತ್ತದೆ, ಕೆಲವು ಮನೆಗಳಲ್ಲಿ ಹಾಸನವೂ ಹೋಗುತ್ತದೆ. ಕೆಇಎ ಆಪ್ಷನ್ ಎಂಟ್ರಿ ಮಾಡಲು ಸೈಬರ್ ಸೆಂಟರಿನಲ್ಲಿ ಕುಳಿತ ಹುಡುಗಿಯ ಕೈಯಲ್ಲಿ ಆಮೇಲೆ ಉಳಿಯುವುದು ಎರಡೋ ಮೂರೋ ಹೆಸರು. ಎರಡು ವರ್ಷ ರಾತ್ರಿ ನಿದ್ದೆಗೆಟ್ಟು ಗಳಿಸಿದ ರ‍್ಯಾಂಕಿಗೂ ಆ ಹೆಸರುಗಳಿಗೂ ಸಂಬಂಧವೇ ಇರುವುದಿಲ್ಲ.

ಹಾಗಂತ ಆ ಹಿರಿಯರ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಶ್ರವಣಬೆಳಗೊಳ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆಗೆಲ್ಲ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದು ಉಳಿದುಕೊಂಡ ಬ್ಯಾರಿ ಮನೆಗಳು ಅಲ್ಲೊಂದು ಇಲ್ಲೊಂದು. ಆದರೂ ನಮ್ಮ ಬೆಳಗೊಳದಲ್ಲಿ ಯಾರ ಮಗಳು ಯಾವ ಬಸ್ಸಿಗೆ ಬಂದಿಳಿದಳು ಎಂಬುದು ಬಸ್ ಸ್ಟ್ಯಾಂಡಿನ ಎಳನೀರಿನವನಿಗೂ ಗೊತ್ತು. ಬಸ್ ತಡವಾದರೆ ಅವನೇ ಫೋನ್ ಮಾಡಿ ಹೇಳುತ್ತಾನೆ. ಇಲ್ಲಿ ನಮಗಿರುವ ಕಾವಲು ಅಂದರೆ ಆ ಪರಿಚಯವೇ. ಅದು ಇಲ್ಲದ ಊರಿಗೆ ಮಗಳನ್ನು ಕಳಿಸುವಾಗ ಉಮ್ಮನ ಎದೆ ಹೊಡೆದುಕೊಳ್ಳುವುದು ಸಹಜ.

ನನ್ನ ತಕರಾರು ಇರುವುದು ಪ್ರಶ್ನೆ ಕೇಳುವ ರೀತಿಯ ಬಗ್ಗೆ. "ಮೈಸೂರು ಸೇಫಾ? ಬೆಂಗಳೂರು ಸೇಫಾ?" ಎಂದು ಕೇಳಿದರೆ ಉತ್ತರ ಇಲ್ಲ. ಲಕ್ಷಗಟ್ಟಲೆ ಜನ ಇರುವ ಊರಿಗೆ ಒಂದೇ ಉತ್ತರ ಹೇಗೆ ಕೊಡುವುದು? ನಮ್ಮ ಮಗಳು ಆ ಊರಿಡೀ ಓಡಾಡುವುದಿಲ್ಲ. ಅವಳು ದಿನಾ ನಡೆಯುವುದು ಹಾಸ್ಟೆಲ್ ಬಾಗಿಲಿನಿಂದ ಕಾಲೇಜು ಗೇಟಿನವರೆಗಿನ ಅರ್ಧ, ಒಂದು ಕಿಲೋಮೀಟರು. ಇನ್ನೊಂದು ದಾರಿ, ಊರಿಗೆ ಬರುವಾಗ ಬಸ್ ಸ್ಟ್ಯಾಂಡಿಗೋ ರೈಲ್ವೆ ಸ್ಟೇಷನ್ನಿಗೋ ಹೋಗುವುದು. ಆ ಎರಡು ದಾರಿ, ಅವಳು ನಡೆಯುವ ಹೊತ್ತು, ಅವಳು ಮಲಗುವ ಕೋಣೆಯ ಬಾಗಿಲು, ಇಷ್ಟನ್ನು ನೋಡಿದ್ದೀರಾ ಎಂದು ಕೇಳಿದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ನೋಡಿರುವುದಿಲ್ಲ. ಊರನ್ನು ಬೇಡ ಅಂದವರೂ ನೋಡಿಲ್ಲ, ಸರಿ ಅಂದವರೂ ನೋಡಿಲ್ಲ.

ಅಮೆರಿಕದ ಒಂದು ಹಳೆಯ ಪ್ರಕರಣ ಇಲ್ಲಿ ನೆನಪಾಗುತ್ತದೆ. ಜೀನ್ ಕ್ಲೆರಿ ಎಂಬ ಹುಡುಗಿ ತನ್ನ ಅಣ್ಣಂದಿರು ಓದಿದ ಟುಲೇನ್ ವಿಶ್ವವಿದ್ಯಾಲಯಕ್ಕೆ ಸೇರಬೇಕೆಂದಿದ್ದಳು. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಆವರಣದ ಹೊರಗೆ ಕೊಲೆಯಾದ ಸುದ್ದಿ ತಿಳಿದು ತಂದೆ ತಾಯಿ ಹೆದರಿದರು. ಶಾಂತ ಪರಿಸರ ಎಂದು ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. 1986ರ ಏಪ್ರಿಲ್ 5ರಂದು, ಹತ್ತೊಂಬತ್ತರ ಹರೆಯದ ಆ ಹುಡುಗಿ ಅದೇ ಶಾಂತ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. ಕೊಂದವನು ಹೊರಗಿನ ಪುಂಡ ಅಲ್ಲ, ಅಲ್ಲಿಯದೇ ವಿದ್ಯಾರ್ಥಿ. ತನ್ನಷ್ಟಕ್ಕೇ ಲಾಕ್ ಆಗುವ ಬಾಗಿಲುಗಳಿಗೆ ಯಾರೋ ಪಿಜ್ಜಾ ಡಬ್ಬಿ ಒತ್ತಿಟ್ಟು ತೆರೆದೇ ಬಿಟ್ಟಿದ್ದರು, ಅವನು ಆರಾಮಾಗಿ ಒಳಗೆ ನಡೆದು ಬಂದ. ಆ ಆವರಣದಲ್ಲಿ ಹಿಂದಿನ ಮೂರು ವರ್ಷದಲ್ಲಿ ಹಲವು ಹಿಂಸಾ ಪ್ರಕರಣಗಳು ನಡೆದಿದ್ದವು, ತಮಗೆ ಯಾರೂ ಹೇಳಿರಲಿಲ್ಲ ಎಂಬುದು ಪೋಷಕರಿಗೆ ಗೊತ್ತಾದದ್ದು ಆಮೇಲೆ. ಅವರ ಹೋರಾಟದಿಂದ 1990ರಲ್ಲಿ ಕಾನೂನೇ ಬಂತು. ಅಲ್ಲಿನ ಕಾಲೇಜುಗಳು ಪ್ರತಿ ವರ್ಷ ತಮ್ಮ ಆವರಣದ ಅಪರಾಧಗಳ ಲೆಕ್ಕವನ್ನು ಪ್ರಕಟಿಸಬೇಕು.

ನಮ್ಮಲ್ಲಿ ಹಾಗೆ ಲೆಕ್ಕ ಬಿಚ್ಚಿಡುವ ಕಾನೂನಿಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಹಸಿರು ಹುಲ್ಲುಹಾಸು, ನಗುವ ಮಕ್ಕಳು, ಪ್ಲೇಸ್‌ಮೆಂಟ್ ಕಂಪೆನಿಗಳ ಲೋಗೊ. ಗೇಟಿನ ಹೊರಗಿನ ಬೀದಿ ದೀಪದ ಫೋಟೊ ಯಾವ ಪ್ರಾಸ್ಪೆಕ್ಟಸ್‌ನಲ್ಲೂ ನಾನು ಕಂಡಿಲ್ಲ.

ನಮಗೆ ಹತ್ತಿರದ ಮೈಸೂರನ್ನೇ ತೆಗೆದುಕೊಳ್ಳಿ. 2021ರ ಆಗಸ್ಟ್ 24ರ ಸಂಜೆ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಹೊರರಾಜ್ಯದ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಇಡೀ ರಾಜ್ಯ ಬೆಚ್ಚಿಬಿತ್ತು. ಆ ಹೊತ್ತಿಗೆ ಅವಳು ಅಲ್ಲಿಗೆ ಹೋಗಬಾರದಿತ್ತು ಎಂಬರ್ಥದ ಮಾತನ್ನು ಆಗಿನ ಗೃಹ ಸಚಿವರೇ ಆಡಿ, ಟೀಕೆ ಬಂದ ಮೇಲೆ ವಾಪಸ್ ತೆಗೆದುಕೊಂಡರು. ಮೈಸೂರು ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಿತು. ಸಂಜೆ 6.30ರ ಮೇಲೆ ವಿದ್ಯಾರ್ಥಿನಿಯರು ಮಾನಸಗಂಗೋತ್ರಿ ಆವರಣದಲ್ಲಿ ಒಂಟಿಯಾಗಿ ಓಡಾಡುವಂತಿಲ್ಲ, ಕುಕ್ಕರಹಳ್ಳಿ ಕೆರೆ ಕಡೆ ಕೂರುವಂತಿಲ್ಲ. ಹುಡುಗರಿಗೆ ಅಂಥ ನಿಯಮ ಇರಲಿಲ್ಲ. "ತಪ್ಪು ಮಾಡಿದವರು ಯಾರು, ಬೀಗ ಯಾರಿಗೆ?" ಎಂದು ವಿದ್ಯಾರ್ಥಿನಿಯರು ಕೇಳಿದರು. ಕೆಲವೇ ದಿನದಲ್ಲಿ ಸುತ್ತೋಲೆ ಹಿಂದಕ್ಕೆ ಹೋಯಿತು.

ನಮ್ಮ ಮನೆಗಳಲ್ಲಿ ಮಾತ್ರ ಆ ಸುತ್ತೋಲೆ ಇನ್ನೂ ಜಾರಿಯಲ್ಲಿದೆ. ಆ ವರ್ಷ ಮೈಸೂರಿನ ಸೀಟು ಬಿಟ್ಟ ಮನೆಗಳು ಎಷ್ಟೋ. ಮಹಾರಾಣಿ ಕಾಲೇಜಿಗೂ ಬೆಟ್ಟದ ತಪ್ಪಲಿನ ಆ ನಿರ್ಜನ ಜಾಗಕ್ಕೂ ಎಷ್ಟು ದೂರ ಎಂದು ಯಾರೂ ಅಳೆದು ನೋಡಲಿಲ್ಲ. ಹೇಳಬೇಕೆಂದರೆ, ಮೈಸೂರಿನ ಆ ಮಹಾರಾಣಿ ವಿಜ್ಞಾನ ಕಾಲೇಜಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಹಳೆಯ ಪಾರಂಪರಿಕ ಕಟ್ಟಡದ ಒಂದು ಭಾಗ, ಲ್ಯಾಬ್ ಇದ್ದದ್ದು, ಕುಸಿದು ಬಿತ್ತು. ಗೋಡೆ ಬಿರುಕು ಬಿಟ್ಟಿದೆಯೇ ಎಂದು ನೋಡುವುದೂ ಸುರಕ್ಷತೆಯೇ. ಅದನ್ನು ಕೇಳಿಕೊಂಡು ಸೀಟು ಬಿಟ್ಟವರ ಬಗ್ಗೆ ನಾನು ಕೇಳಿಲ್ಲ.

ಇನ್ನು "ಹತ್ತಿರ ಇದ್ದರೆ ಸೇಫ್" ಎಂಬ ಲೆಕ್ಕ. ಇದರಲ್ಲಿ ನಿಜ ಸ್ವಲ್ಪ ಇದೆ. ಬೆಳಗೊಳದಲ್ಲೇ ಬಾಹುಬಲಿ ಎಂಜಿನಿಯರಿಂಗ್ ಕಾಲೇಜಿದೆ. ಹಾಸನಕ್ಕೆ ಹೋದರೆ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಸರ್ಕಾರಿ ಗೃಹವಿಜ್ಞಾನ ಕಾಲೇಜಿದೆ, ಮಹಿಳಾ ಪ್ರಥಮ ದರ್ಜೆ ಕಾಲೇಜಿದೆ, 2006ರಿಂದ ಮೆಡಿಕಲ್ ಕಾಲೇಜೂ ಇದೆ. 2017ರಲ್ಲಿ ಹಾಸನ–ಬೆಂಗಳೂರು ನೇರ ರೈಲು ಮಾರ್ಗ ನಮ್ಮೂರ ಮೇಲೆಯೇ ಹಾದು ಶುರುವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜೂ ಇಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾಳೆ, ರಾತ್ರಿ ಮನೆಯಲ್ಲೇ ಮಲಗುತ್ತಾಳೆ, ಇನ್ನೇನು ಬೇಕು ಎಂದು ಅನ್ನಿಸುವುದು ಸರಿಯೇ.

ಆದರೆ ಆ ದಿನವನ್ನು ಬಿಡಿಸಿ ನೋಡಿ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೆದ್ದಾರಿ ಬಸ್ಸು ಬೇಕಾದಷ್ಟು. ಅಲ್ಲಿ ಇಳಿದ ಮೇಲೆ ಬೆಳಗೊಳಕ್ಕೆ ಇನ್ನೊಂದು ಬಸ್ಸು. ದೂರ ಹನ್ನೆರಡು ಹದಿಮೂರು ಕಿಲೋಮೀಟರು ಅಷ್ಟೇ. ಲ್ಯಾಬ್ ಇದ್ದ ದಿನ ಐದೂವರೆಗೆ ಬಿಟ್ಟರೆ, ಚಳಿಗಾಲದಲ್ಲಿ ಚನ್ನರಾಯಪಟ್ಟಣ ಮುಟ್ಟುವಾಗ ಮಗ್ರಿಬ್ ಕಳೆದು ಕತ್ತಲಾಗಿರುತ್ತದೆ. ಆಮೇಲೆ ಬಸ್ಸಿಗೆ ಕಾಯುವುದು. ಬಸ್ಸು ರಶ್ ಇದ್ದರೆ ನಿಂತೇ ಬರುವುದು, ಆ ರಶ್ಶಿನಲ್ಲಿ ಮೈಗೆ ತಾಗುವ ಕೈಗಳ ಬಗ್ಗೆ ಹುಡುಗಿಯರು ಮನೆಯಲ್ಲಿ ಹೇಳುವುದಿಲ್ಲ. ಬೆಳಗೊಳದ ಆಚೆಯ ಹಳ್ಳಿಯವಳಾದರೆ ಅಲ್ಲಿಂದ ಮುಂದೆ ಯಾರದೋ ಬೈಕು. ವಾರಕ್ಕೆ ಆರು ದಿನ, ವರ್ಷಕ್ಕೆ ಹತ್ತು ತಿಂಗಳು, ಮೂರು ನಾಲ್ಕು ವರ್ಷ. ಇಷ್ಟು ಹೊತ್ತು ರಸ್ತೆಯಲ್ಲಿ ಕಳೆಯುವ ಹುಡುಗಿಗಿಂತ, ಕಾಲೇಜಿನ ಆವರಣದೊಳಗೇ ಹಾಸ್ಟೆಲ್ ಇರುವ ಮೈಸೂರಿನ ಹುಡುಗಿ ಕಡಿಮೆ ಸೇಫ್ ಎಂದು ಯಾವ ತಕ್ಕಡಿಯಲ್ಲಿ ತೂಗಿ ಹೇಳುವುದು?

ರಸ್ತೆಯ ಮಾತು ಬಂದಾಗ ಮೊಸಳೆ ಹೊಸಹಳ್ಳಿಯನ್ನು ಮರೆಯಲಾಗುವುದಿಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ–ಹೊಳೆನರಸೀಪುರ ರಸ್ತೆಯಲ್ಲಿ ಗಣೇಶ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಸತ್ತವರಲ್ಲಿ ಅಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿದ್ದರು, ದೂರದ ಜಿಲ್ಲೆಗಳಿಂದ ಓದಲು ಬಂದ ಮಕ್ಕಳು. ಐದರಿಂದ ಇಪ್ಪತ್ತೊಂಬತ್ತು ವರ್ಷದವರ ಸಾವಿಗೆ ಜಗತ್ತಿನಾದ್ಯಂತ ಮೊದಲ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಲೇಜಿಗೆ ಹೋಗಲು ಹೆದ್ದಾರಿ ದಾಟಬೇಕಾ, ಸ್ಕೈವಾಕ್ ಇದೆಯಾ, ಇಲ್ಲದಿದ್ದರೆ ಡಿವೈಡರ್ ಹಾರಬೇಕಾ ಎಂದು ಸೀಟು ತೆಗೆದುಕೊಳ್ಳುವ ಮೊದಲು ಕೇಳುವ ಪೋಷಕರು ನಮ್ಮಲ್ಲಿ ಎಷ್ಟಿದ್ದಾರೆ?

ದಿಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ಮಾಡಿದ ಅಧ್ಯಯನವೊಂದಿದೆ. ಒಳ್ಳೆಯ ಅಂಕ ಇದ್ದ ಹುಡುಗಿಯರು ಕೂಡ, ಹೋಗಿ ಬರುವ ದಾರಿ ಸುರಕ್ಷಿತವಾಗಿದ್ದರೆ ಸಾಕು ಎಂದು ತಮಗೆ ಸಿಗಬಹುದಾಗಿದ್ದ ಕಾಲೇಜಿಗಿಂತ ಎಷ್ಟೋ ಕೆಳಗಿನ ಕಾಲೇಜನ್ನು ಆರಿಸುತ್ತಾರೆ, ದಾರಿಗೆ ಹುಡುಗರಿಗಿಂತ ಹೆಚ್ಚು ಖರ್ಚನ್ನೂ ಮಾಡುತ್ತಾರೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಅಂದರೆ ಬೀದಿಯ ಪುಂಡರು ಹುಡುಗಿಯ ಮೈ ಮುಟ್ಟದೆಯೇ ಅವಳ ಮುಂದಿನ ಸಂಬಳವನ್ನು ಕಡಿಮೆ ಮಾಡುತ್ತಾರೆ. ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ವಾ? ದಿಲ್ಲಿಯಲ್ಲಿ ಆ ಲೆಕ್ಕವನ್ನು ಹುಡುಗಿಯೇ ಹಾಕುತ್ತಾಳೆ, ನಮ್ಮಲ್ಲಿ ಅವಳ ಪರವಾಗಿ ಉಪ್ಪ, ಕಾಕ, ಮಾವ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಏನು ನೋಡಬೇಕು? ಅಡ್ಮಿಷನ್ ಮಾಡಿಸಲು ನಾವು ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತೇವೆ. ಆ ಹೊತ್ತಿಗೆ ಎಲ್ಲ ಬೀದಿಯೂ ಒಳ್ಳೆಯ ಬೀದಿಯೇ. ಒಮ್ಮೆ ಸಂಜೆ ಏಳಕ್ಕೆ ಹೋಗಿ. ಮಗಳನ್ನು ಕರೆದುಕೊಂಡು, ಕಾರಿನಲ್ಲಿ ಅಲ್ಲ, ನಡೆದುಕೊಂಡು. ಗೇಟಿನಿಂದ ಹಾಸ್ಟೆಲ್‌ವರೆಗೆ ಬೀದಿ ದೀಪ ಎಷ್ಟು, ಅದರಲ್ಲಿ ಉರಿಯುತ್ತಿರುವುದು ಎಷ್ಟು ಎಣಿಸಿ. ಫುಟ್‌ಪಾತ್ ಇದೆಯಾ, ಅಥವಾ ಚರಂಡಿಯ ಚಪ್ಪಡಿ ಮೇಲೆ ನಡೆಯಬೇಕಾ? ಮೆಡಿಕಲ್ ಶಾಪ್, ಜೆರಾಕ್ಸ್ ಅಂಗಡಿ, ಬೇಕರಿ, ಹಾಲಿನ ಬೂತ್ ತೆರೆದಿದ್ದರೆ ಒಳ್ಳೆಯದು, ಅಂಗಡಿಯವರ ಕಣ್ಣು ರಸ್ತೆಯ ಮೇಲಿರುತ್ತದೆ. ದಾರಿಯಲ್ಲಿ ಬಾರ್ ಇದೆಯಾ, ಖಾಲಿ ಸೈಟು, ಕಾಂಪೌಂಡಿನ ಉದ್ದನೆಯ ಗೋಡೆ ಇದೆಯಾ? ಎಲ್ಲಕ್ಕಿಂತ ಮುಖ್ಯ, ಆ ಹೊತ್ತಿಗೆ ಆ ಬೀದಿಯಲ್ಲಿ ಬೇರೆ ಹೆಂಗಸರು ಎಷ್ಟು ಜನ ಇದ್ದಾರೆ ನೋಡಿ. ತರಕಾರಿ ಚೀಲ ಹಿಡಿದ ಹೆಂಗಸರು, ಟ್ಯೂಷನ್ ಮುಗಿಸಿದ ಮಕ್ಕಳು ಓಡಾಡುತ್ತಿದ್ದರೆ ಆ ಬೀದಿಯ ಬಗ್ಗೆ ಅರ್ಧ ಉತ್ತರ ಸಿಕ್ಕಿತು. ಸೇಫ್ಟಿಪಿನ್ ಎಂಬ ಮೊಬೈಲ್ ಆಪ್‌ನವರು ಊರುಗಳನ್ನು ಅಳೆಯುವುದೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ: ಬೆಳಕು, ನಡೆಯುವ ದಾರಿ, ಜನಸಂಚಾರ, ಅದರಲ್ಲಿ ಹೆಂಗಸರ ಪಾಲು, ಹತ್ತಿರದ ಬಸ್ಸು ಆಟೊ, ಸುತ್ತಲಿನ ಕಿಟಕಿ ಅಂಗಡಿಗಳಿಂದ ಆ ಜಾಗ ಕಾಣುತ್ತದೆಯಾ ಇಲ್ಲವಾ.

ಗೇಟಿನ ವಾಚ್‌ಮನ್ ಹತ್ತಿರ ಎರಡು ಮಾತಾಡಿ. ವಾರ್ಡನ್‌ಗಿಂತ ಅವನೇ ನಿಜ ಹೇಳುತ್ತಾನೆ. ಎರಡನೇ ವರ್ಷದ ಹುಡುಗಿಯರನ್ನು ಮಗಳೇ ಮಾತಾಡಿಸಲಿ, ನೀವು ಸ್ವಲ್ಪ ದೂರ ನಿಲ್ಲಿ. ಉಪ್ಪ ಪಕ್ಕದಲ್ಲಿ ನಿಂತಿದ್ದರೆ ಅವರು "ಎಲ್ಲ ಚೆನ್ನಾಗಿದೆ ಅಂಕಲ್" ಅನ್ನುತ್ತಾರೆ, ಮುಗಿಯಿತು.

ಪಿಜಿ ಆದರೆ ಇನ್ನೂ ಎಚ್ಚರ ಬೇಕು. 2024ರ ಜುಲೈ 23ರ ರಾತ್ರಿ ಬೆಂಗಳೂರಿನ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾಯಿತು. ಹೊರಗಿನ ಗಂಡಸೊಬ್ಬ ರಾತ್ರಿ ಹನ್ನೊಂದರ ಮೇಲೆ ಮೂರನೇ ಮಹಡಿಯ ಕೋಣೆಯವರೆಗೆ ಹೋಗಿದ್ದ, ತಡೆಯುವವರಿರಲಿಲ್ಲ. ಕೋರಮಂಗಲ ಅಂದರೆ ಬೆಂಗಳೂರಿನ ಒಳ್ಳೆಯ ಏರಿಯಾ, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಏರಿಯಾ ಒಳ್ಳೆಯದು, ಬಾಗಿಲು ಒಳ್ಳೆಯದಲ್ಲ. ಆ ಬಳಿಕ ಪಾಲಿಕೆ ಪಿಜಿಗಳಿಗೆ ಮಾರ್ಗಸೂಚಿ ತಂದಿತು: ಸಿಸಿಟಿವಿ, ದಿನವಿಡೀ ಕಾವಲುಗಾರ, ಒಬ್ಬರಿಗೆ ಇಂತಿಷ್ಟು ಜಾಗ. ಪಿಜಿ ಮಾಲೀಕರನ್ನು "ಲೈಸೆನ್ಸ್ ತೋರಿಸಿ" ಎಂದು ಕೇಳಲು ನಮ್ಮವರಿಗೆ ಯಾಕೋ ಸಂಕೋಚ. ಹಣ ಕೊಡುವವರು ನೀವು, ಕೇಳಿ. ಮುಖ್ಯ ಬಾಗಿಲ ಕೀ ಎಷ್ಟು ಜನರ ಹತ್ತಿರ ಇದೆ, ಟೆರೇಸಿನ ಬಾಗಿಲಿಗೆ ರಾತ್ರಿ ಬೀಗ ಬೀಳುತ್ತದಾ, ಬೆಂಕಿ ಬಿದ್ದರೆ ಹೊರಗೆ ಬರಲು ಎರಡನೇ ದಾರಿ ಇದೆಯಾ. ಕಿಟಕಿಗೆ ಗ್ರಿಲ್, ಮೆಟ್ಟಿಲಿಗೆ ಗ್ರಿಲ್, ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ "ನೋಡಿ ಎಷ್ಟು ಸೇಫ್" ಎಂದು ತೋರಿಸುವವರಿದ್ದಾರೆ. ಕಳ್ಳನಿಗೆ ಅದು ಸರಿ, ಬೆಂಕಿಗೆ ಸರಿಯಲ್ಲ.

ಪೊಲೀಸ್ ಲೆಕ್ಕ ನೋಡುವವರಿಗೆ ಒಂದು ಮಾತು. 2016ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಎಫ್‌ಐಆರ್‌ಗಳನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು, ಕರ್ನಾಟಕ ಪೊಲೀಸರ ತಾಣದಲ್ಲಿ ಠಾಣೆಯ ಹೆಸರು ಕೊಟ್ಟು ಹುಡುಕಲೂ ಆಗುತ್ತದೆ. ಸರಗಳ್ಳತನ, ಬೈಕ್ ಕಳವು, ಹೊಡೆದಾಟ ಎಷ್ಟಾಗುತ್ತಿದೆ ಎಂದು ತಿಳಿಯಬಹುದು. ಆದರೆ ಲೈಂಗಿಕ ಅಪರಾಧಗಳಂಥ ಸೂಕ್ಷ್ಮ ಪ್ರಕರಣಗಳನ್ನು ಅಲ್ಲಿ ಹಾಕುವುದಿಲ್ಲ, ಅದು ಸರಿಯೂ ಹೌದು. ನಾವು ಯಾವುದಕ್ಕೆ ಹೆದರಿ ಹುಡುಕುತ್ತೇವೋ ಅದೇ ಅಲ್ಲಿ ಕಾಣುವುದಿಲ್ಲ. ಇನ್ನೊಂದು, ಕೇಸು ಹೆಚ್ಚು ದಾಖಲಾದ ಠಾಣೆ ಎಂದರೆ ಕೆಟ್ಟ ಏರಿಯಾ ಎಂದೇ ಅಲ್ಲ. ಅಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ಬಂದು ದೂರು ಕೊಡುತ್ತಿರಬಹುದು, ಪೊಲೀಸರು ತೆಗೆದುಕೊಳ್ಳುತ್ತಿರಬಹುದು. ಒಂದೂ ಕೇಸಿಲ್ಲದ ಊರನ್ನು ನೋಡಿದರೆ ನನಗೆ ಸಮಾಧಾನಕ್ಕಿಂತ ಅನುಮಾನವೇ ಜಾಸ್ತಿ. ದೇಶದ ಅಪರಾಧ ದಾಖಲೆಗಳಲ್ಲಿ ವರ್ಷ ವರ್ಷವೂ ಕಾಣುವುದೇನೆಂದರೆ, ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಆ ಹೆಣ್ಣಿಗೆ ಪರಿಚಿತನೇ.

ಆದ್ದರಿಂದ ಗೇಟಿನ ಹೊರಗಿನದ್ದಷ್ಟನ್ನೇ ನೋಡಿದರೆ ಆಗುವುದಿಲ್ಲ. 2013ರ ಕಾನೂನಿನಂತೆ ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಯುಜಿಸಿಯ 2015ರ ನಿಯಮದಂತೆ ದೂರು ವಿದ್ಯಾರ್ಥಿಗಳದ್ದಾದರೆ ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಸಮಿತಿಯವರ ಹೆಸರು, ಫೋನ್ ನಂಬರು ನೋಟಿಸ್ ಬೋರ್ಡಿನಲ್ಲಿ ಇದೆಯಾ ಎಂದು ಆಫೀಸಿನಲ್ಲಿ ಕೇಳಿ. ಆ ಪ್ರಶ್ನೆಗೆ ಕ್ಲರ್ಕ್ ಮುಖ ಹೇಗಾಗುತ್ತದೆ ನೋಡಿದರೆ ಕಾಲೇಜಿನ ಬಗ್ಗೆ ತುಂಬ ತಿಳಿಯುತ್ತದೆ. ರ‍್ಯಾಗಿಂಗ್ ಆದರೆ 1800-180-5522, ತುರ್ತು ಆದರೆ 112. ಇವು ಮಗಳ ಮೊಬೈಲಿನಲ್ಲಿ ಇರುವಂತೆ ಮಗನ ಮೊಬೈಲಿನಲ್ಲೂ ಇರಲಿ.

ಈಗ ನಮ್ಮದೇ ಆದ ಭಯಗಳು. ಅದನ್ನು ಬಿಟ್ಟು ಬರೆದರೆ ಈ ಪುಟದ ಓದುಗರು ನಂಬುವುದಿಲ್ಲ. 2022ರ ಫೆಬ್ರವರಿ 8ರಂದು ಮಂಡ್ಯದ ಪಿಇಎಸ್ ಕಾಲೇಜಿನ ಆವರಣದಲ್ಲಿ, ಬುರ್ಖಾ ಹಾಕಿದ್ದ ಒಬ್ಬಳೇ ವಿದ್ಯಾರ್ಥಿನಿಯ ಹಿಂದೆ ಗುಂಪೊಂದು ಘೋಷಣೆ ಕೂಗುತ್ತಾ ಬಂದದ್ದನ್ನು ದೇಶವೇ ನೋಡಿತು. ಮಂಡ್ಯ ನಮಗೆ ದೂರದ ಊರಲ್ಲ. ಆ ವಿಡಿಯೊ ನೋಡಿದ ಮೇಲೆ ಎಷ್ಟೋ ಉಮ್ಮಂದಿರು ಮಗಳ ಹಾಲ್ ಟಿಕೆಟ್ ಎತ್ತಿಟ್ಟರು. ನಾನು ಅದೇ ವಿಡಿಯೊದಲ್ಲಿ ಇನ್ನೊಂದನ್ನೂ ನೋಡಿದೆ: ಕಾಲೇಜಿನ ಸಿಬ್ಬಂದಿ ನಡುವೆ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಗಲಾಟೆ ಯಾವ ಊರಿಗೂ ಬರಬಹುದು. ಬಂದಾಗ ಪ್ರಿನ್ಸಿಪಾಲರು ಯಾರ ಪಕ್ಕ ನಿಲ್ಲುತ್ತಾರೆ, ಲೆಕ್ಚರರ್‌ಗಳು ಬಾಗಿಲು ತೆರೆಯುತ್ತಾರಾ ಮುಚ್ಚುತ್ತಾರಾ? 2022ರಲ್ಲಿ ಈ ಕಾಲೇಜು ಹೇಗೆ ನಡೆದುಕೊಂಡಿತು ಎಂಬುದು ಅಲ್ಲಿ ಓದಿದ ನಮ್ಮ ಹುಡುಗಿಯರಿಗೆ ಗೊತ್ತು, ಪ್ರತಿ ಊರಲ್ಲೂ ಅಂಥ ಒಬ್ಬರಾದರೂ ಸಿಗುತ್ತಾರೆ. ಸೀಟು ತೆಗೆದುಕೊಳ್ಳುವ ಮೊದಲು ಅವರನ್ನು ಕೇಳಿದರೆ ಹತ್ತು ವಾಟ್ಸಾಪ್ ಫಾರ್ವರ್ಡ್‌ಗಿಂತ ಉಪಕಾರ.

"ಹಾಗಾದರೆ ಮಂಗಳೂರಿಗೇ ಕಳಿಸುವ, ನಮ್ಮ ಜನ ಇದ್ದಾರೆ" ಎನ್ನುವವರೂ ಇದ್ದಾರೆ. ಇರಬಹುದು. ಸಂತ ಆಗ್ನೆಸ್ 1921ರಿಂದ ಹೆಣ್ಣುಮಕ್ಕಳಿಗೆ ಕಲಿಸುತ್ತಿದೆ, ದೇರಳಕಟ್ಟೆ ಕೊಣಾಜೆ ಕಡೆ ಕಾಲೇಜಿಗೆ ಕೊರತೆಯಿಲ್ಲ, ಸೋದರಮಾವನ ಮನೆಯೂ ಅಲ್ಲೇ. ಆದರೆ 2022ರ ಜುಲೈಯಲ್ಲಿ ಹತ್ತು ದಿನಗಳ ಅಂತರದಲ್ಲಿ ಮೂರು ಕೊಲೆಗಳಾಗಿ ಜಿಲ್ಲೆಯಲ್ಲಿ ಸಂಜೆ ಆರಕ್ಕೇ ಅಂಗಡಿ ಮುಚ್ಚಿಸಿದ್ದು, 2025ರ ಬೇಸಿಗೆಯಲ್ಲಿ ಮತ್ತೆ ಅಂಥದ್ದೇ ದಿನಗಳು ಬಂದದ್ದು ನಮಗೆ ಮರೆತಿಲ್ಲ. 2023ರ ಜೂನ್ 1ರಂದು ಸೋಮೇಶ್ವರ ಬೀಚಿನಲ್ಲಿ ಸಹಪಾಠಿ ಹುಡುಗಿಯರ ಜೊತೆ ಬಂದಿದ್ದ ಮೂವರು ಯುವಕರನ್ನು ಹೊಡೆದರು. ಹಾಗಾಗಿ ನಮ್ಮವರು ಇರುವ ಏರಿಯಾ ಎಂದ ಮಾತ್ರಕ್ಕೆ ದಾರಿ ನೋಡದೆ ಬಿಡುವ ಹಾಗಿಲ್ಲ. ಸಂಬಂಧಿಕರ ಮನೆಯಲ್ಲಿ ಇಟ್ಟರೆ ಕಾವಲು ಸಿಗುತ್ತದೆ ನಿಜ, ಕೆಲವೊಮ್ಮೆ ಓದು ಸಿಗುವುದಿಲ್ಲ. ಅಡುಗೆ, ಮಕ್ಕಳನ್ನು ನೋಡಿಕೊಳ್ಳುವುದು, ಬಂದವರಿಗೆ ಚಹಾ, ಇದರ ನಡುವೆ ಅವಳ ಪರೀಕ್ಷೆ.

ಬೆಂಗಳೂರು, ಮೈಸೂರಿನಲ್ಲಿ ಇನ್ನೊಂದು ಕಷ್ಟ ಇದೆ. ಹೆಸರು ಕೇಳಿದ ಮೇಲೆ "ರೂಮ್ ಆಗಲೇ ಕೊಟ್ಟಾಯ್ತು" ಎನ್ನುವ ಮಾಲೀಕರು. ನಾಲ್ಕು ಕಡೆ ಹಾಗೆ ಕೇಳಿಸಿಕೊಂಡ ಮಕ್ಕಳು ಐದನೆಯದಾಗಿ ಸಿಕ್ಕಿದ್ದನ್ನು ಹಿಡಿಯುತ್ತಾರೆ, ಅದು ಕಾಲೇಜಿನಿಂದ ದೂರದಲ್ಲಿ, ಬೀದಿ ದೀಪ ಇಲ್ಲದ ಕ್ರಾಸಿನ ಕೊನೆಯಲ್ಲಿ ಇರುತ್ತದೆ. ಆದ್ದರಿಂದ ರೂಮಿನ ಹುಡುಕಾಟ ಅಡ್ಮಿಷನ್ ಆದ ಮೇಲೆ ಅಲ್ಲ, ಮೊದಲೇ ಶುರುವಾಗಬೇಕು. ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕಿ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿಯಲ್ಲಿ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ಸಹಾಯಧನ ಇದೆ. ಅದು ಬಾಡಿಗೆಗೆ ಸಾಲದು, ಆದರೆ ಕತ್ತಲೆ ಕ್ರಾಸಿನ ರೂಮಿಗೂ ಮೇನ್ ರೋಡಿನ ರೂಮಿಗೂ ಇರುವ ವ್ಯತ್ಯಾಸ ಎಷ್ಟೋ ಸಲ ಅಷ್ಟೇ ಇರುತ್ತದೆ.

ಗಂಡುಮಕ್ಕಳ ಬಗ್ಗೆ ಸ್ವಲ್ಪವಾದರೂ ಹೇಳಲೇಬೇಕು. ಮಗನನ್ನು ಬೆಂಗಳೂರಿಗೆ ಬಸ್ ಹತ್ತಿಸಿ ಬಂದರೆ ನಮ್ಮ ಕೆಲಸ ಮುಗಿಯಿತು. ಅವನ ಪಿಜಿಯ ಬಾಗಿಲನ್ನು ಯಾರೂ ನೋಡುವುದಿಲ್ಲ, ರೂಮ್‌ಮೇಟ್ ಯಾರು ಎಂದು ಯಾರೂ ಕೇಳುವುದಿಲ್ಲ. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಗಾಂಜಾ ಪ್ರಕರಣದಲ್ಲಿ ಮೆಡಿಕಲ್ ವಿದ್ಯಾರ್ಥಿಗಳು, ವೈದ್ಯರು ಸಿಕ್ಕಿಬಿದ್ದಾಗ ಎಲ್ಲರೂ ಬಾಯಿ ಮೇಲೆ ಬೆರಳಿಟ್ಟರು. ಓದಿನಲ್ಲಿ ಮುಂದಿದ್ದ ಮಕ್ಕಳೇ ಮೆಡಿಕಲ್ ಸೇರುವುದು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ರಾತ್ರಿ ಹನ್ನೆರಡಕ್ಕೆ ಹೆಲ್ಮೆಟ್ ಇಲ್ಲದೆ ಮೂವರು ಒಂದೇ ಬೈಕಿನಲ್ಲಿ ಹೋಗುವುದು ಹುಡುಗಿಯರಲ್ಲ. ಸುರಕ್ಷತೆಯ ಲೆಕ್ಕ ಹಾಕುವುದಾದರೆ ಮೊದಲ ಹೆಸರು ಮಗನದ್ದೇ ಬರಬೇಕಿತ್ತು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ ಒಂದು ವಿಷಯ. ಮಗಳನ್ನು ಕಳಿಸುವಾಗ ನಾವು ಒಂದು ಷರತ್ತು ಹಾಕುತ್ತೇವೆ. "ಏನಾದರೂ ಕೇಳಿಬಂತೋ, ಅದೇ ದಿನ ಪುಸ್ತಕ ಕಟ್ಟಿ ವಾಪಸ್." ನಾವು ಅದನ್ನು ಎಚ್ಚರಿಕೆ ಅಂದುಕೊಳ್ಳುತ್ತೇವೆ. ಅವಳಿಗೆ ಅದು ಕೇಳಿಸುವುದು ಹೀಗೆ: ಏನೇ ಆದರೂ ಮನೆಯಲ್ಲಿ ಹೇಳಬಾರದು. ಬಸ್ಸಿನಲ್ಲಿ ಒಬ್ಬ ದಿನಾ ಹಿಂದೆ ಬರುತ್ತಿದ್ದರೆ ಹೇಳುವುದಿಲ್ಲ, ಹೇಳಿದರೆ ಓದು ನಿಲ್ಲುತ್ತದೆ. ಲೆಕ್ಚರರ್ ಕೆಟ್ಟ ಮೆಸೇಜ್ ಕಳಿಸಿದರೆ ಡಿಲೀಟ್ ಮಾಡಿ ಸುಮ್ಮನಾಗುತ್ತಾಳೆ. ಯಾರೋ ಫೋಟೊ ಇಟ್ಟುಕೊಂಡು ಹೆದರಿಸಿದರೆ ಅವನು ಹೇಳಿದ ಹಾಗೆ ಕೇಳುತ್ತಾ ಹೋಗುತ್ತಾಳೆ. ಮೊದಲ ದಿನವೇ ಹೇಳಿದ್ದರೆ ಒಂದು ಫೋನ್ ಕಾಲಿನಲ್ಲಿ ಮುಗಿಯುವುದು ಆರು ತಿಂಗಳು ಬೆಳೆಯುತ್ತದೆ. ಬೀದಿ ದೀಪ, ಸಿಸಿಟಿವಿ, ವಾಚ್‌ಮನ್ ಎಲ್ಲ ಸರಿಯಾಗಿದ್ದೂ, ಮಗಳಿಗೆ ಮನೆಗೆ ಫೋನ್ ಮಾಡುವ ಧೈರ್ಯ ಇಲ್ಲದಿದ್ದರೆ ನಾವು ನೋಡಿ ಬಂದದ್ದೆಲ್ಲ ವ್ಯರ್ಥ. "ಏನಾದರೂ ಆದರೆ ನಾನು ಬರುತ್ತೇನೆ, ನಿನ್ನ ಓದು ನಿಲ್ಲಿಸಲಿಕ್ಕೆ ಅಲ್ಲ" ಎಂದು ಉಪ್ಪ ಒಂದು ಸಲ, ಎದುರು ಕೂರಿಸಿಕೊಂಡು, ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಅಂಥ ಮಾತು ಬಾಯಲ್ಲಿ ಆಡುವ ರೂಢಿ ಕಡಿಮೆ, ಗೊತ್ತು. ಆಡಿ.

ಆಯ್ಕೆಯ ಪಟ್ಟಿ ಮಾಡುವಾಗಲೂ ಅವಳು ಅಲ್ಲಿರಲಿ. ದಾರಿ ನಡೆಯುವವಳು ಅವಳು. ಯಾವ ಬೀದಿಯಲ್ಲಿ ಹೆದರಿಕೆ ಆಗುತ್ತದೆ, ಯಾವುದರಲ್ಲಿ ಇಲ್ಲ ಎಂಬುದು ಹದಿನೆಂಟು ವರ್ಷದ ಹುಡುಗಿಗೆ ಐವತ್ತು ದಾಟಿದ ಗಂಡಸಿಗಿಂತ ಚೆನ್ನಾಗಿ ಗೊತ್ತು. ಅವಳು ಹನ್ನೆರಡನೇ ವರ್ಷದಿಂದಲೂ ಆ ಲೆಕ್ಕ ಹಾಕಿಕೊಂಡೇ ನಡೆದವಳು.

ಜಮಾಅತಿನವರು ಮಾಡಬಹುದಾದದ್ದೂ ಇದೆ, ದೊಡ್ಡ ಖರ್ಚಿನದ್ದಲ್ಲ. ನಮ್ಮ ತಾಲೂಕುಗಳಿಂದ ಹಾಸನ, ಮೈಸೂರು, ಬೆಂಗಳೂರು, ಮಂಗಳೂರಿನಲ್ಲಿ ಓದುತ್ತಿರುವ, ಓದಿ ಮುಗಿಸಿದ ಹೆಣ್ಣುಮಕ್ಕಳ ಉಮ್ಮಂದಿರ ಫೋನ್ ನಂಬರುಗಳ ಒಂದು ಪಟ್ಟಿ. ಹೊಸಬರು ಅವರಿಗೆ ಕರೆ ಮಾಡಿ ಯಾವ ಹಾಸ್ಟೆಲ್, ಯಾವ ಮೆಸ್, ಯಾವ ದಾರಿ ಎಂದು ಕೇಳಬಹುದು. ಹುಡುಗಿಯರ ನಂಬರು ಹಂಚುವುದು ಬೇಡ, ಉಮ್ಮಂದಿರದ್ದು ಸಾಕು.

ಇನ್ನೊಂದು ಕೆಲಸ ಚನ್ನರಾಯಪಟ್ಟಣ ಡಿಪೊದ್ದು. ಸಂಜೆ ಹಾಸನದಿಂದ ಬರುವ ಮಕ್ಕಳಿಗೆ ಬೆಳಗೊಳದ ಕಡೆ ಸರಿಯಾದ ಹೊತ್ತಿಗೆ ಬಸ್ಸು ಬೇಕು ಎಂದು ಒಂದು ಅರ್ಜಿ ಕೊಡಬೇಕಾಗಿದೆ. ಎಷ್ಟು ಮಕ್ಕಳು, ಅವರ ಲ್ಯಾಬ್ ಬಿಡುವುದು ಎಷ್ಟಕ್ಕೆ, ಅವರು ಸ್ಟ್ಯಾಂಡಿನಲ್ಲಿ ಕಾಯುವುದು ಎಷ್ಟು ಹೊತ್ತು, ಇಷ್ಟನ್ನು ಬರೆದರೆ ಸಾಕು. ಜುಮಾ ಮುಗಿಸಿ ಹೊರಗೆ ಬರುವಾಗಲೇ ಮೊದಲ ಸಹಿಗಳು ಬೀಳಬಹುದು. ಆಮೇಲೆ ಪಕ್ಕದ ಬೀದಿಯ ಗೌಡರ ಮನೆ, ಜೈನರ ಮನೆ, ಆಚಾರರ ಮನೆಗಳಿಗೂ ಅದೇ ಕಾಗದ ತೆಗೆದುಕೊಂಡು ಹೋಗಬೇಕು. ಅವರ ಮಕ್ಕಳೂ ಅದೇ ಸ್ಟ್ಯಾಂಡಿನಲ್ಲಿ, ಅದೇ ಬಸ್ಸಿಗೆ ಕಾಯುತ್ತಿದ್ದಾರೆ.